ಗದ್ದೆಯಿಲ್ಲದವರು

ಅವರ ಬಲಗಾಲಿನಲ್ಲಿ, ಮೊಣಕಾಲಿನಿಂದ ಕೆಳಗೆ, ಒಂದರ ಕೆಳಗೊಂದು ಮೂರು ಅಡ್ಡಗೆರೆಗಳ ಹಚ್ಚೆ ಇತ್ತು. ಚರ್ಮ ಸುಕ್ಕುಗಟ್ಟಿದ್ದರೂ ಹಸಿರು ಮಾಸಿರಲಿಲ್ಲ. ಯಾವುದೋ ಹರಕೆಯ ಗುರುತಿರಬೇಕು ಎಂದುಕೊಂಡು ಮೊದಲ ಭೇಟಿಯಲ್ಲೇ ಕೇಳಿಬಿಟ್ಟೆ. "ಹರಕೆ ಅಲ್ಲಮ್ಮ, ಅಳತೆ" ಅಂದರು. ಅವರ ಮದುವೆಯಾದ ವರ್ಷ, ಇನ್ನು ಮಗನ ಕಾಲು ಬೆಳೆಯುವುದಿಲ್ಲ ಎಂದು ಖಾತ್ರಿಯಾದ ಮೇಲೆ, ಅವರಪ್ಪ ಕಾಲುವೆಯಲ್ಲಿ ಹಚ್ಚೆಯಿದ್ದ ತನ್ನ ಕಾಲಿನ ಪಕ್ಕ ಮಗನ ಕಾಲು ನಿಲ್ಲಿಸಿ, ಅದೇ ಮಟ್ಟಕ್ಕೆ ಹಚ್ಚೆ ಹಾಕಿಸಿದ್ದರಂತೆ. ಕಾಲುವೆಯ ನೀರು ಕೆಳಗಿನ ಗೆರೆ ಮುಟ್ಟಿದರೆ ಬೇಸಿಗೆ ಬೆಳೆಗೆ ಸಾಕು. ನಡುವಿನ ಗೆರೆ ಮುಟ್ಟಿದರೆ ನಾಟಿಗೆ ಸರಿ. ಮೇಲಿನ ಗೆರೆಗೆ ಬಂತೆಂದರೆ ತೂಬು ಇಳಿಸಬೇಕು, ಇಲ್ಲದಿದ್ದರೆ ಮೇಲುಗದ್ದೆಯವರಿಗೆ ಹಬ್ಬ, ಕೊನೆಗದ್ದೆಯವರಿಗೆ ಉಪವಾಸ.

ಅವರು ನೀರುಗಂಟಿ. ಕೆರೆಯ ತೂಬು ತೆಗೆದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚುವ ಕೆಲಸ ತಲೆಮಾರುಗಳಿಂದ ಅವರ ಮನೆಯದು. ಚಿಂತಾಮಣಿಯಿಂದ ಶಿಡ್ಲಘಟ್ಟಕ್ಕೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ಅವರ ಊರು. ಆ ಕೆರೆಯ ಕೆಳಗೆ ಅವರಿಗೆ ಅಂಗೈ ಅಗಲದ ಗದ್ದೆಯೂ ಇರಲಿಲ್ಲ. ಅದೇ ಅಲ್ಲಿನ ಕಟ್ಟಳೆ. ಗದ್ದೆ ಇರುವವನ ಕೈಗೆ ತೂಬು ಕೊಟ್ಟರೆ ಅವನ ಕಣ್ಣು ಮೊದಲು ತನ್ನ ಗದ್ದೆಯ ಕಡೆಗೇ ಹೋಗುತ್ತದೆ. ಆದ್ದರಿಂದ ಏನೂ ಇಲ್ಲದವನೇ ಹಂಚಬೇಕು. ಏನೂ ಇಲ್ಲದಂತೆ ಅವರನ್ನು ಇಟ್ಟದ್ದೂ ಆ ಊರೇ, ಅದಕ್ಕೆ ಅವರನ್ನು ನಂಬಿದ್ದೂ ಆ ಊರೇ. ಇದನ್ನು ನ್ಯಾಯ ಎನ್ನಬೇಕೋ ಏನೋ ನನಗೆ ಗೊತ್ತಿಲ್ಲ. ಊರೆಲ್ಲ ತಾತ ಎಂದೇ ಕರೆಯುತ್ತಿದ್ದ ಅವರಿಗೆ ಮಾತ್ರ ಅದರಲ್ಲಿ ಹೆಮ್ಮೆಯಿತ್ತು.

ನಾನು ಆ ಊರಿಗೆ ಹೋದಾಗ ಕೆರೆ ತುಂಬಿ ಇಪ್ಪತ್ತೈದು ವರ್ಷದ ಮೇಲಾಗಿತ್ತು. ಕೆರೆಯಂಗಳದ ತುಂಬ ಜಾಲಿ. ತಾತ ಪಂಚಾಯಿತಿಯ ಕೊಳವೆಬಾವಿಯ ನೀರನ್ನು ಬೀದಿಬೀದಿಗೆ ತಿರುಗಿಸುವ ವಾಟರ್‌ಮ್ಯಾನ್ ಆಗಿದ್ದರು. ಆದರೂ ನೀರುಗಂಟಿಯ ನೇಮ ಬಿಟ್ಟಿರಲಿಲ್ಲ. ಯಾರ ಮನೆಯಲ್ಲೂ ಒಂದು ಲೋಟ ಕಾಫಿ ಮುಟ್ಟುತ್ತಿರಲಿಲ್ಲ. ಅವರ ಯೌವನದಲ್ಲಿ ಮೇಲಿನ ಬೀದಿಯವರು ಅವರಿಗೆ ಲೋಟದಲ್ಲಿ ಕೊಡುತ್ತಲೂ ಇರಲಿಲ್ಲ; ಕಾಲ ಬದಲಾಗಿ ಕೊಡಲು ಬಂದಾಗ ಇವರೇ ಬೇಡ ಎನ್ನಲು ಶುರುಮಾಡಿದ್ದರು. "ಕೆರೇಲಿ ಜಾಲಿ ಬೆಳ್ದೈತಲ್ಲ ತಾತ, ನೀನು ಒಂದು ಕಾಫಿ ಕುಡ್ದ್ರೆ ಯಾರ ಗದ್ದೆಗೆ ನೀರು ಜಾಸ್ತಿ ಹೋಗ್ತೈತೆ?" ಎಂದು ಹುಡುಗರು ರೇಗಿಸುತ್ತಿದ್ದರು. ತಾತ ನಗುತ್ತಿರಲಿಲ್ಲ. "ನೀರು ಬಂದ ದಿವ್ಸ ಕುಡಿದ ಕಾಫಿ ನೆನಪಿಗೆ ಬತ್ತದೆ ಕಣಪ್ಪ" ಅನ್ನುತ್ತಿದ್ದರು.

ನಾನು ಚಿಂತಾಮಣಿಯ ಗುಮಾಸ್ತರೊಬ್ಬರ ಮಗಳು. ಓದು ಮುಗಿಸಿ ಒಂದು ಸೇವಾಸಂಸ್ಥೆಗೆ ಸೇರಿದ್ದೆ. ಅದರ ಹೆಸರು ಇಲ್ಲಿ ಬೇಡ, ಹೆಸರು ಬದಲಾದರೂ ಈ ಕಥೆ ಬದಲಾಗುವುದಿಲ್ಲ. ಸೇರಿದ ಮೊದಲ ವಾರ ಚಿಕ್ಕಬಳ್ಳಾಪುರದ ಕಚೇರಿಯಲ್ಲಿ ನಮಗೆ ತರಬೇತಿ ನಡೆಯಿತು. ಅಲ್ಲಿ ಕಲಿಸಿದ ಮೊದಲ ಪಾಠ ಇದು: ಊರಿಗೆ ಹೋದ ಕೂಡಲೇ ಎಲ್ಲರನ್ನೂ ಒಪ್ಪಿಸಲು ಹೋಗಬೇಡಿ, ಊರೆಲ್ಲ ನಂಬುವ ಒಬ್ಬರು ಯಾರೆಂದು ಕೇಳಿ, ಅವರನ್ನು ಒಪ್ಪಿಸಿ, ಉಳಿದವರು ತಾವಾಗಿ ಬರುತ್ತಾರೆ. ಅದಕ್ಕೆಂದೇ ಒಂದು ಫಾರಂ ಇತ್ತು. ಮೊದಲ ಸಾಲಿನಲ್ಲಿ ಆ ಒಬ್ಬರ ಹೆಸರು ಬರೆಯಬೇಕು. ನನಗೆ ಆ ಪಾಠ ಬಹಳ ಹಿಡಿಸಿತು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕೆಲಸವಾಗುತ್ತದಲ್ಲ ಎನಿಸಿತು.

ಆ ಊರಿನ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಮಕ್ಕಳ ಹಲ್ಲು ಕಂದು, ನಡುವಯಸ್ಸಿನವರ ಮಂಡಿ ಬಿಗಿ. ಅನುಕೂಲವಿದ್ದವರು ಎರಡು ಮೈಲಿ ದೂರದ ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ತರುತ್ತಿದ್ದರು, ಉಳಿದವರು ನಲ್ಲಿಯದೇ ಕುಡಿಯುತ್ತಿದ್ದರು. ನಮ್ಮ ಸಂಸ್ಥೆ ಮನೆಗೊಂದು ಫಿಲ್ಟರ್ ಕೊಡುವ ಯೋಜನೆ ತಂದಿತ್ತು. ಮೇಲೊಂದು ಕೆಳಗೊಂದು ಡಬ್ಬ, ನಡುವೆ ಬಿಳಿ ಹರಳು. ಹರಳು ಮೂರು ತಿಂಗಳು ಕೆಲಸ ಮಾಡುತ್ತದೆ. ಆಮೇಲೆ ಸಂಸ್ಥೆಯ ಗಾಡಿ ಬಂದು ಅದನ್ನು ಒಯ್ದು, ತೊಳೆದು, ಮತ್ತೆ ತಂದು ತುಂಬಬೇಕು. ತೊಳೆಯದಿದ್ದರೆ ಫಿಲ್ಟರಿನಿಂದ ನೀರೇನೋ ಹಾಗೇ ತಿಳಿಯಾಗಿ ಬೀಳುತ್ತದೆ, ರುಚಿಯೂ ಅದೇ, ವಿಷವೂ ಅದೇ.

ಅರಳಿಕಟ್ಟೆಯಲ್ಲಿ ಸಭೆ ಸೇರಿಸಿದಾಗ ಮೇಲಿನ ಬೀದಿಯ ಮೊದಲ ಮನೆಯಾಕೆ ಎದ್ದು ನಿಂತರು. ಆಕೆಯ ಬಾಯಿಗೆ ಊರಿನ ಮೆಂಬರೂ ಹೆದರುತ್ತಿದ್ದ. "ಸಾಕು ಬಿಡಮ್ಮ ನಿಮ್ಮ ಸಂಸ್ಥೆ ಕತೆ. ಹೋದ್ಸಲ ಬಂದೋರು ನನ್ ಮಗಳ ಬಾಯಿ ತೆಗ್ಸಿ ಹಲ್ಲಿನ ಫೋಟೊ ಹೊಡ್ಕೊಂಡು ಹೋದ್ರು. ಫೋಟೊ ಎಲ್ಲೋಯ್ತೋ, ಅವರು ಎಲ್ಲೋದ್ರೋ. ಹಲ್ಲು ಮಾತ್ರ ಇಲ್ಲೇ ಐತೆ." ಜನ ನಕ್ಕರು. ನಾನು ಫಾರಂ ಮಡಚಿ ಬ್ಯಾಗಿಗೆ ಹಾಕಿಕೊಂಡು, ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ ತಾತನ ಹತ್ತಿರ ಹೋದೆ. ಊರೆಲ್ಲ ಯಾರನ್ನು ನಂಬುತ್ತದೆ ಎಂದು ನಾನು ಕೇಳಿದವರೆಲ್ಲ ಅವರ ಕಡೆಗೇ ಬೆರಳು ತೋರಿಸಿದ್ದರು.

ನಾನು ಎಲ್ಲ ಹೇಳಿ ಮುಗಿಸಿದ ಮೇಲೆ ತಾತ ನನ್ನ ಕಡೆ ತಿರುಗಿದರು. "ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇದ್ರಲ್ಲಿ ನಿಮ್ಗೇನು ಸಿಗ್ತದೆ?"

"ನಮಗೇನೂ ಇಲ್ಲ ತಾತ. ಇದು ಲಾಭಕ್ಕಾಗಿ ನಡೆಸೋ ಸಂಸ್ಥೆ ಅಲ್ಲ. ಯಾರೂ ಇದರಿಂದ ಒಂದು ಪೈಸೆ ಮನೆಗೆ ಒಯ್ಯೋ ಹಾಗಿಲ್ಲ. ಕಾನೂನೇ ಹಾಗಿದೆ."

ಅವರು ಅದನ್ನು ಮನಸ್ಸಿನಲ್ಲೇ ತಿರುವಿ ನೋಡಿದರು. ಅವರ ಮುಖ ತಿಳಿಯಾಯಿತು. "ಅಂದ್ರೆ, ನಿಮಗೂ ಗದ್ದೆ ಇಲ್ಲ."

ನಾನು ಒಂದು ಗಳಿಗೆ ತಡೆದು, "ಇಲ್ಲ ತಾತ, ನಮಗೂ ಗದ್ದೆ ಇಲ್ಲ" ಅಂದೆ.

ಜೀವನವೆಲ್ಲ ಒಂದೇ ಒಂದು ಸತ್ಯವನ್ನು ನೆಚ್ಚಿ ಬಾಳಿದ ಮನುಷ್ಯ ಅದೇ ಸತ್ಯದ ಅಳತೆಯಲ್ಲಿ ನಮ್ಮನ್ನೂ ಅಳೆದರು. ಲಾಭವಿಲ್ಲದವರಿಗೆ ಪಕ್ಷಪಾತವಿರುವುದಿಲ್ಲ ಎಂದು ನಂಬಿದರು. ನಮಗೂ ಗದ್ದೆ ಇತ್ತು. ಅದು ಆ ಊರಿನಲ್ಲಿ ಇರಲಿಲ್ಲ, ಅಷ್ಟೆ. ನಮ್ಮ ಫಸಲು ಎಂದರೆ ವರದಿ, ಫೋಟೊ, ಹಣ ಕೊಡುವವರ ಮೆಚ್ಚುಗೆ, ಮುಂದಿನ ಯೋಜನೆ. ನಮ್ಮ ಕಣ್ಣು ಸದಾ ಆ ಕಡೆಗೇ ಇತ್ತು. ಅದನ್ನು ಅವತ್ತು ಹೇಳುವಷ್ಟು ತಿಳಿವಳಿಕೆ ನನಗಿರಲಿಲ್ಲ ಎಂದು ಬರೆದು ಪಾರಾಗಬಹುದು. ಆದರೆ ನಾನು ಒಂದು ಗಳಿಗೆ ತಡೆದದ್ದು ನನಗೆ ಚೆನ್ನಾಗಿ ನೆನಪಿದೆ.

ಮರುದಿನ ತಾತ ಕಟ್ಟೆಯ ಮೇಲೆ ನಿಂತು ಫಿಲ್ಟರಿನ ಒಂದು ಲೋಟ ನೀರನ್ನು ಎಲ್ಲರೆದುರು ಕುಡಿದರು. "ನಾನು ಹೇಳ್ತಾ ಇವ್ನಿ, ತಗೊಳ್ಳಿ" ಅಂದರು. ಅಷ್ಟೇ ಸಾಕಾಯಿತು. ಹದಿನೈದು ದಿನದಲ್ಲಿ ಊರಿನ ಪ್ರತಿ ಮನೆಯಲ್ಲೂ ಫಿಲ್ಟರ್ ಕೂತಿತು. ಘಟಕದಿಂದ ಕ್ಯಾನು ಹೊತ್ತು ತರುವುದು ನಿಂತಿತು. ಕಚೇರಿಯಲ್ಲಿ ನನ್ನ ಬೆನ್ನು ತಟ್ಟಿದರು.

ನೀರು ಪರೀಕ್ಷೆ ಮಾಡುವ ಬಣ್ಣದ ಶೀಷೆಯೊಂದನ್ನು ತಾತನ ಕೈಗೆ ಕೊಟ್ಟಿದ್ದೆ. ನೀರಿಗೆ ಎರಡು ತೊಟ್ಟು ಹಾಕಿದರೆ, ಗುಲಾಬಿ ಬಂದರೆ ಕುಡಿಯಬಹುದು, ಹಳದಿ ಬಂದರೆ ಕೂಡದು. ಅವರು ಆ ಶೀಷೆಯನ್ನು ಟವೆಲಿನ ಗಂಟಿನಲ್ಲಿ ಕಟ್ಟಿಕೊಂಡು, ಹಿಂದೆ ನೀರಿನ ಸರದಿ ಹೇಗಿತ್ತೋ ಅದೇ ಸರದಿಯಲ್ಲಿ ಮನೆಮನೆಗೆ ಹೋಗುತ್ತಿದ್ದರು. ಫಿಲ್ಟರುಗಳನ್ನು ಅಡುಗೆಮನೆಯ ಬಾಗಿಲ ಬಳಿ ಇಟ್ಟುಕೊಂಡವರೇ ಹೆಚ್ಚು. ಹೀಗಾಗಿ ತಾತ ಒಳಗೆ ಹೋಗಲೇಬೇಕಾಯಿತು. ಮೊದಲು ಕರೆದದ್ದು ಆ ಮೊದಲ ಮನೆಯಾಕೆಯೇ. "ಹೊಸ್ತಿಲಲ್ಲಿ ನಿಂತ್ಕೊಂಡ್ರೆ ನೀರು ಹೆಂಗೆ ಕಾಣ್ತದೆ? ಒಳಗೆ ಬಾ ತಾತ" ಎಂದು ಗದರಿಸಿದರಂತೆ. ಅವತ್ತು ಸಂಜೆ ತಾತ ಇದನ್ನು ನನಗೆ ಹೇಳಿದ ರೀತಿ ಮರೆಯುವುದಿಲ್ಲ. ಆ ಹೊತ್ತಿಗೆ ನಾನು ಅವರಿಗೆ 'ಅಮ್ಮಣ್ಣಿ' ಆಗಿದ್ದೆ. "ಅಮ್ಮಣ್ಣಿ, ಅರವತ್ತೈದು ವರ್ಷ ಆ ಮನೆ ಮುಂದೆ ಓಡಾಡಿವ್ನಿ. ಒಳಗೆ ಗಿಳಿಬಣ್ಣ ಬಳ್ದವ್ರೆ ಅಂತ ಇವತ್ತು ಗೊತ್ತಾಯ್ತು ನೋಡು."

ಮೂರು ವರ್ಷ ಎಲ್ಲ ಸರಿಯಾಗಿಯೇ ನಡೆಯಿತು. ಗಾಡಿ ಬಂತು, ಹರಳು ಹೋಯಿತು, ಬಂತು, ತಾತನ ಶೀಷೆಯೂ ಮತ್ತೆ ತುಂಬಿತು. ಆಮೇಲೆ ಒಂದು ದಿನ ಚಿಕ್ಕಬಳ್ಳಾಪುರದ ಕಚೇರಿಯಲ್ಲಿ ಸಂಯೋಜಕರು ನಮ್ಮನ್ನು ಕೂರಿಸಿಕೊಂಡು, ಹಣ ಕೊಡುವವರ ಆಸಕ್ತಿ ಈಗ ಬೇರೆ ವಿಷಯದ ಕಡೆಗೆ ತಿರುಗಿದೆ, ನೀರಿನ ಯೋಜನೆಯನ್ನು ಸಮುದಾಯಕ್ಕೆ ಹಸ್ತಾಂತರ ಮಾಡಿ ಮುಗಿಸೋಣ ಎಂದರು. "ಗಾಡಿ ಸರ್?" ಎಂದೆ. "ಸಮುದಾಯ ತನ್ನ ಕಾಲ ಮೇಲೆ ನಿಲ್ಲಬೇಕಲ್ಲಮ್ಮ. ನೋಡೋಣ, ಏನಾದ್ರೂ ವ್ಯವಸ್ಥೆ ಆಗಬಹುದು" ಎಂದರು, ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ. ಹರಳು ತೊಳೆಯುವ ಘಟಕ ಇದ್ದದ್ದು ನಮ್ಮ ಶೆಡ್ಡಿನಲ್ಲಿ. ಸಮುದಾಯ ಯಾವ ಕಾಲ ಮೇಲೆ ನಿಲ್ಲಬೇಕೆಂದು ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಕಾಗದ ತೆಗೆದುಕೊಂಡು ನಾನೇ ಹೋದೆ. 'ನೀರು ಸಮಿತಿ ಅಧ್ಯಕ್ಷರು' ಎಂದು ಅಚ್ಚಾಗಿದ್ದ ಕಡೆ ತಾತ ಒಂದೊಂದೇ ಅಕ್ಷರ ಕೂಡಿಸಿ ರುಜು ಹಾಕಿದರು. "ಇದೇನಮ್ಮಣ್ಣಿ?" ಎಂದು ಕೇಳಿದರು, ರುಜು ಹಾಕಿ ಆದ ಮೇಲೆ. "ಇನ್ನು ಮೇಲೆ ನೀವೇ ನೋಡ್ಕೋತೀರಿ ಅಂತ, ತಾತ." "ಗಾಡಿ ಬತ್ತದಲ್ಲ?" "ಬರುತ್ತೆ. ಸ್ವಲ್ಪ ತಡ ಆಗಬಹುದು."

ಮದುವೆಮನೆಗಳಲ್ಲಿ ಯಾರಾದರೂ, "ಈ ಸಂಸ್ಥೆಗಳನ್ನ ನಂಬಬಹುದೇನಮ್ಮ? ದುಡ್ಡು ಹೊಡೀತಾರಂತಲ್ಲ?" ಎಂದು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ನಮ್ಮಲ್ಲಿ ಯಾರೂ ಏನೂ ಕದಿಯಲಿಲ್ಲ. ಕಚೇರಿಯಲ್ಲಿ ಒಳ್ಳೆಯವರೇ ಇದ್ದರು; ಬಿಸಿಲಲ್ಲಿ ಅಲೆದವರು, ರಜೆ ಬಿಟ್ಟು ದುಡಿದವರು. ಕಳ್ಳರಾಗಿದ್ದರೆ ಹಿಡಿದು ಬೈಯಬಹುದಿತ್ತು. ಎಲ್ಲವನ್ನೂ ಕಾಗದದಲ್ಲಿ ಸರಿಯಾಗಿ ಮಾಡಿ, ಕೈತೊಳೆದುಕೊಂಡು ಎದ್ದ ಒಳ್ಳೆಯವರನ್ನು ಏನೆಂದು ಬೈಯುವುದು?

ನನ್ನನ್ನು ಗೌರಿಬಿದನೂರಿಗೆ ಬೇರೆ ಯೋಜನೆಗೆ ಹಾಕಿದರು. ಮೂರು ತಿಂಗಳಾದ ಮೇಲೆ ತಾತನ ಫೋನು ಬಂತು. "ಗಾಡಿ ಹೊಂಟೈತಾ ಅಮ್ಮಣ್ಣಿ?" ಕೇಳುತ್ತೇನೆ ತಾತ ಎಂದೆ. ಕೇಳಿದೆ ಕೂಡ. ನೋಡೋಣ ಎಂದರು. ಮತ್ತೆ ಫೋನು ಬಂತು, ಮುಂದಿನ ವಾರ ಎಂದೆ. ಆಮೇಲಾಮೇಲೆ ಅವರ ನಂಬರು ನೋಡಿದರೆ ಫೋನನ್ನು ಬೋರಲು ಹಾಕಿಬಿಡುತ್ತಿದ್ದೆ.

ಒಂದು ಮಧ್ಯಾಹ್ನ ಅವರು ಎರಡು ಬಸ್ಸು ಬದಲಿಸಿ ಗೌರಿಬಿದನೂರಿನ ನಮ್ಮ ಕಚೇರಿಗೇ ಬಂದರು. ಕೈಯಲ್ಲಿ ನೀರು ತುಂಬಿದ ಬಾಟಲು. ಕುರ್ಚಿಯಲ್ಲಿ ಕೂರದೆ, ನನ್ನ ಮೇಜಿನ ಮೇಲಿದ್ದ ಗಾಜಿನ ಲೋಟಕ್ಕೆ ಆ ನೀರು ಸುರಿದು, ಟವೆಲಿನ ಗಂಟು ಬಿಚ್ಚಿ ಶೀಷೆ ತೆಗೆದರು. ತಳದಲ್ಲಿ ಉಳಿದಿದ್ದದ್ದೇ ಎರಡು ತೊಟ್ಟು. ಎರಡನ್ನೂ ಹಾಕಿದರು. ನೀರು ಹಳದಿಯಾಯಿತು.

"ಎಷ್ಟು ದಿನದಿಂದ ತಾತ?"

"ಆರು ತಿಂಗಳಿಂದ. ಗಾಡಿ ಬತ್ತದೆ ಅಂದಿದ್ಯಲ್ಲ ನೀನು. ಇವತ್ತು ಬತ್ತದೆ, ನಾಳೆ ಬತ್ತದೆ ಅಂತ ನಾನು ಊರಿಗೆ ಏನೂ ಹೇಳ್ಲಿಲ್ಲ. ಒಂದು ಸಲ ಕೆಟ್ಟೋಗೈತೆ ಅಂದ್ರೆ ಆಮೇಲೆ ಯಾರೂ ಮುಟ್ಟಲ್ಲ ಅಂತ." ಅವರ ದನಿ ಏರಲಿಲ್ಲ. "ಮಕ್ಕಳು ಕುಡೀತಾ ಅವೆ ಅಮ್ಮಣ್ಣಿ. ಒಳ್ಳೇ ನೀರು ಅಂತ ಕುಡೀತಾ ಅವೆ. ನಾನು ಊರಿಗೆ ಏನು ಹೇಳ್ಲಿ?"

ಮೇಲಿನವರೊಡನೆ ಮಾತಾಡುತ್ತೇನೆ ಎಂದೆ. ಕಾಫಿ ತರಿಸಿದೆ. ಅವರು ಲೋಟವನ್ನು ನೋಡಿದರು. ಹಳದಿ ನೀರಿನ ಪಕ್ಕದಲ್ಲೇ ಅದು ಆರಿತು. "ಬೇಡಮ್ಮ" ಎಂದು ಎದ್ದರು. ಬಾಗಿಲಲ್ಲಿ ತಿರುಗಿ, "ಗದ್ದೆ ಇಲ್ಲ ಅಂದಿದ್ಯಲ್ಲ ನೀನು" ಎಂದಷ್ಟೇ ಹೇಳಿ ಹೋದರು.

ಊರಿಗೆ ಹೋಗಿ ಅವರು ಮಾಡಿದ್ದನ್ನು ನಾನು ಆಮೇಲೆ ಕೇಳಿ ತಿಳಿದೆ. ಮೊದಲ ಮನೆಯಿಂದ ಶುರುಮಾಡಿ, ಅದೇ ಸರದಿಯಲ್ಲಿ, ಪ್ರತಿ ಮನೆಯ ಬಾಗಿಲಲ್ಲಿ ನಿಂತು, ಕಡ್ಡಿ ಮುರಿದ ಹಾಗೆ ಹೇಳಿದರು: ಫಿಲ್ಟರ್ ನೀರು ಕುಡಿಯಬೇಡಿ, ಅದು ಸತ್ತಿದೆ, ನನಗೆ ಆರು ತಿಂಗಳಿಂದ ಗೊತ್ತು. ಆ ಆರು ತಿಂಗಳ ಮಾತನ್ನು ಮುಚ್ಚಿಡಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಮೊದಲ ಮನೆಯಾಕೆ ಮಗಳನ್ನು ಪಕ್ಕಕ್ಕೆ ಎಳೆದುಕೊಂಡು ಕೇಳಿದರಂತೆ, "ಗೊತ್ತಿದ್ದೂ ಕುಡಿಸ್ದ್ಯಾ ತಾತ?" ತಾತ ಹೌದೆಂದರು. ನನ್ನ ಹೆಸರನ್ನಾಗಲೀ ಸಂಸ್ಥೆಯ ಹೆಸರನ್ನಾಗಲೀ ಅವರು ಎತ್ತಲಿಲ್ಲ. ಮಾತು ಕೊಟ್ಟವರು ತಾವು ಎಂದೇ ಅವರ ಲೆಕ್ಕ.

ಮರುವರ್ಷ ಯಾರೂ ನೆನೆಸದ ಮಳೆ ಬಂತು. ನಮ್ಮ ಸೀಮೆಯ ಕೆರೆಗಳೆಲ್ಲ ಒಂದೊಂದಾಗಿ ತುಂಬಿ ಕೋಡಿ ಬಿದ್ದವು. ಜನ ಕುಟುಂಬಸಮೇತ ನೋಡಲು ಹೋದರು. ತಾತನ ಕೆರೆಯೂ ತುಂಬಿತೆಂದು ಕೇಳಿ ನನ್ನ ಎದೆ ಸ್ವಲ್ಪ ಹಗುರವಾಯಿತು. ಮೂವತ್ತು ವರ್ಷ ಕಾಫಿ ಮುಟ್ಟದೆ ಕಾದದ್ದಕ್ಕೆ ದೇವರು ಕಣ್ಣು ಬಿಟ್ಟ ಎಂದುಕೊಂಡೆ. ಅರಿಸಿನ ಕುಂಕುಮ ಹೂವು ತೆಗೆದುಕೊಂಡು ಕೆರೆಗೆ ಪೂಜೆ ಮಾಡಿ ತಾತನ ಮುಖವನ್ನೂ ನೋಡಿ ಬರೋಣ ಎಂದು ಹೋದೆ.

ತೂಬಿನ ಹತ್ತಿರ ಬೇರೆ ಯಾರೋ ನಿಂತಿದ್ದರು. ತೂಬಿನ ಕೆಳಗೇ ಮೂರು ಎಕರೆ ಇರುವವನು. ಕಟ್ಟೆಯಲ್ಲಿ ಸಭೆ ಸೇರಿ ಊರು ಹಾಗೆ ತೀರ್ಮಾನಿಸಿತ್ತು. ತಾತನಿಗೆ ಬೇಡ ಎಂದು ಯಾರೂ ಒರಟಾಗಿ ಹೇಳಲಿಲ್ಲವಂತೆ. ಅವರ ಹೆಸರು ಬಂದಾಗ ಎಲ್ಲರೂ ಸುಮ್ಮನಾದರಂತೆ, ಅಷ್ಟೇ.

ತಾತ ಏರಿಯ ಆಚೆ ಕೊನೆಯಲ್ಲಿ, ಹೊಂಗೆಮರದ ಕೆಳಗೆ, ಕಾಲುವೆಯಲ್ಲಿ ಕಾಲಿಳಿಸಿ ನಿಂತಿದ್ದರು. ನನ್ನನ್ನು ನೋಡಿ ಆಶ್ಚರ್ಯಪಡಲಿಲ್ಲ. ಬೆರಳಿನಿಂದ ತಮ್ಮ ಕಾಲು ತೋರಿಸಿದರು. ನೀರು ಮೇಲಿನ ಗೆರೆಯನ್ನು ದಾಟಿ ಹರಿಯುತ್ತಿತ್ತು. "ಜಾಸ್ತಿ ಬಿಟ್ಟವ್ನೆ. ಯುಗಾದಿ ಹೊತ್ಗೆ ಕೆರೆ ಬರ್ದಾಗ್ತದೆ. ಕೊನೆಗದ್ದೆಯೋರ ಪೈರು ಕಾಳು ಕಟ್ಟಲ್ಲ."

"ಹೋಗಿ ಹೇಳಿ ತಾತ."

"ನಾನು ಹೇಳಿದ್ರೆ ಯಾರಮ್ಮ ನಂಬ್ತಾರೆ?"

ನನಗೆ ಅಳು ತಡೆಯಲಾಗಲಿಲ್ಲ. ಎಲ್ಲ ನನ್ನಿಂದಲೇ ಆಯಿತು, ತಪ್ಪಾಯಿತು ತಾತ, ಎಂದೆ. ಅವರು ನನ್ನನ್ನು ಸಮಾಧಾನ ಮಾಡಲೂ ಇಲ್ಲ, ಬೈಯಲೂ ಇಲ್ಲ. "ನೀನು ಕೆಟ್ಟೋಳಲ್ಲ ಕಣಮ್ಮಣ್ಣಿ. ಕೆಟ್ಟೋಳಾಗಿದ್ರೆ ನಾನು ನಂಬ್ತಾನೇ ಇರ್ಲಿಲ್ಲ" ಎಂದು, ಮತ್ತೆ ನೀರನ್ನೇ ನೋಡುತ್ತ ನಿಂತರು. ನಾನು ತಂದ ಹೂವನ್ನು ಕಾಲುವೆಗೆ ಬಿಟ್ಟೆ. ಅದು ಅವರ ಕಾಲಿಗೆ ತಗುಲಿಕೊಂಡು ನಿಂತು, ಆಮೇಲೆ ಹರಿದುಹೋಯಿತು.

ಕೆರೆ ಯುಗಾದಿಗೆ ಮುಂಚೆಯೇ ಬತ್ತಿತು. ಕೊನೆಗದ್ದೆಗಳು ಒಣಗಿದವು. ಆಗಲೂ ಯಾರೂ ತಾತನನ್ನು ಕರೆಯಲಿಲ್ಲ. ಆ ಬೇಸಿಗೆಯಲ್ಲೇ ಅವರು ತೀರಿಕೊಂಡರು. ಕಾಯಿಲೆ ಎಂದೇನೂ ಇರಲಿಲ್ಲವಂತೆ, ಊಟ ಕಡಿಮೆ ಮಾಡಿಕೊಂಡರಂತೆ. ನಾನು ಹೋದಾಗ ಹಟ್ಟಿಯ ಅವರ ಮನೆಯ ಮುಂದೆ ಸ್ನಾನ ಮಾಡಿಸುತ್ತಿದ್ದರು. ಮೊದಲ ಮನೆಯಾಕೆ ಮಗಳ ಕೈಲಿ ಬಿಂದಿಗೆ ಹಿಡಿಸಿಕೊಂಡು ಬಂದಿದ್ದರು. ಎರಡು ಮೈಲಿ ದೂರದ ಘಟಕದ ನೀರು. "ಅವ್ರು ಬೇಕೂಂತ ಮಾಡ್ಲಿಲ್ಲ, ಗೊತ್ತಮ್ಮ ನಮ್ಗೂ. ಆದ್ರೂ ಇನ್ನೊಂದ್ಸಲ ನಂಬಾಕೆ ಮನಸ್ಸು ಬರ್ಲಿಲ್ಲ" ಎಂದರು, ನಾನು ಕೇಳದೆಯೇ. ಸೆರಗಿನಲ್ಲಿ ಮೂಗೊರೆಸಿಕೊಂಡು, "ಈಗ ಯಾರನ್ನೂ ನಂಬಾಕೆ ಬರಲ್ಲ" ಎಂದರು. ಸುರಿದ ನೀರು ತಾತನ ಕಾಲಿನ ಮೂರು ಗೆರೆಗಳ ಮೇಲೆ ಇಳಿದು ಮಣ್ಣಿಗೆ ಹೋಯಿತು. ಅವರಿಗೆ ಗಂಡುಮಕ್ಕಳಿಲ್ಲ. ಆ ಅಳತೆ ಇನ್ನು ಯಾವ ಕಾಲಿನ ಮೇಲೂ ಇಲ್ಲ.

ನಾನು ಈಗಲೂ ಇದೇ ಕೆಲಸದಲ್ಲಿದ್ದೇನೆ. ಸಂಸ್ಥೆ ಬೇರೆ, ಫಾರಂ ಮಾತ್ರ ಹೆಚ್ಚುಕಡಿಮೆ ಅದೇ. ಬೇರೆ ಕೆಲಸ ನನಗೆ ಬರುವುದಿಲ್ಲ ಎಂಬುದೂ ನಿಜ, ಬಿಟ್ಟುಹೋಗುವಷ್ಟು ಧೈರ್ಯ ಬರಲಿಲ್ಲ ಎಂಬುದೂ ನಿಜ. ಹೋದ ತಿಂಗಳು ಸ್ಕಂದಗಿರಿಯ ಬುಡದ ಒಂದು ಊರಿಗೆ ಹೋಗಿ, ಇಲ್ಲಿ ಎಲ್ಲರೂ ನಂಬೋರು ಯಾರಿದ್ದಾರೆ ಎಂದು ಕೇಳಿದೆ. ಮುದಿ ಸೂಲಗಿತ್ತಿಯೊಬ್ಬರ ಮನೆ ತೋರಿಸಿದರು. ಅಜ್ಜಿ ಚಾಪೆ ಹಾಸಿ ಕೂರಿಸಿ, ಎಲೆ ಅಡಿಕೆ ಕುಟ್ಟುತ್ತ ಎಲ್ಲ ಕೇಳಿಸಿಕೊಂಡು, "ಅಲ್ಲಮ್ಮ, ಇದ್ರಲ್ಲಿ ನಿಮ್ಗೇನು ಸಿಗ್ತದೆ?" ಎಂದರು.

ಈ ಸಲ ನಾನು ತಡೆಯಲಿಲ್ಲ. "ನನಗೆ ಸಂಬಳ ಸಿಗುತ್ತೆ ಅಜ್ಜಿ, ಸಂಸ್ಥೆಗೆ ಹೆಸರು ಸಿಗುತ್ತೆ. ಮೂರು ವರ್ಷ ಇರ್ತೀವಿ, ಆಮೇಲೆ ಹೊರಟುಹೋಗ್ತೀವಿ. ಏನಾದ್ರೂ ಕೆಟ್ಟರೆ ಊರು ನಿಮ್ಮನ್ನ ಕೇಳುತ್ತೆ, ನಮ್ಮನ್ನಲ್ಲ" ಎಂದೆ. ಅವರು ಬೇಡ ಎನ್ನಲಿ ಎಂದು ಕಾದೆ.

ಅಜ್ಜಿ ಕುಟ್ಟುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಬೊಚ್ಚುಬಾಯಿ ತುಂಬ ನಕ್ಕರು. "ಇಷ್ಟು ನಿಜ ಹೇಳೋರು ಈಗ ಯಾರವ್ರೆ ಹೇಳು? ನಿನ್ನ ನಂಬ್‌ಬೋದು ಬಿಡಮ್ಮ" ಎಂದರು.

ನಾನು ಬ್ಯಾಗಿನಿಂದ ಫಾರಂ ತೆಗೆದು, ಮೊದಲ ಸಾಲಿನಲ್ಲಿ ಅವರ ಹೆಸರು ಬರೆದುಕೊಂಡೆ.